ಸಕಲೇಶಪುರ–ಆಲೂರು ಗುಡ್ಡಗಳಲ್ಲಿ ಮುಂಗಾರಿನ ಕುಸಿತ: ಕಾರಣ, ಲಕ್ಷಣ, ಎಚ್ಚರಿಕೆ

ಬೆಂಗಳೂರಿನಿಂದ ಮಂಗಳೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 75 ಹಾಸನವನ್ನು ದಾಟಿ, ಆಲೂರು ಮತ್ತು ಬಾಳ್ಳುಪೇಟೆಗಳ ಏರುತಗ್ಗುಗಳನ್ನು ಹಾದು ಸಕಲೇಶಪುರವನ್ನು ಸೇರುತ್ತದೆ. ಹೇಮಾವತಿ ನದಿಯ ದಡದಲ್ಲಿರುವ ಈ ಪಟ್ಟಣ ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿಂದ ದೋಣಿಗಾಲ್, ಮಾರನಹಳ್ಳಿಗಳ ಮೂಲಕ ಶಿರಾಡಿ ಘಾಟಿಯನ್ನಿಳಿದು ಗುಂಡ್ಯ ತಲುಪುವ ಹೊತ್ತಿಗೆ ಎತ್ತರ 200 ಮೀಟರಿಗಿಂತ ಕೆಳಗೆ ಬಂದಿರುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟೊಂದು ಆಳಕ್ಕೆ ಇಳಿಯುವ ನೆಲದ ಮೇಲೆ ರಾಜ್ಯದ ಅತ್ಯಂತ ದಟ್ಟ ಮಳೆಗಳಲ್ಲೊಂದು ಸುರಿಯುತ್ತದೆ. ಪ್ರತಿ ಮುಂಗಾರಿನಲ್ಲಿಯೂ ಈ ಭಾಗದಿಂದ ಗುಡ್ಡ ಕುಸಿತದ ಸುದ್ದಿ ಬರುವುದಕ್ಕೆ ಇದೇ ಮೊದಲ ಕಾರಣ.

ಆದರೆ ಇಳಿಜಾರು ಮತ್ತು ಮಳೆ ಎರಡೇ ಇಡೀ ಕಥೆಯನ್ನು ಹೇಳುವುದಿಲ್ಲ. ಜೂನ್ ಮೊದಲ ವಾರದ ಬಿರುಮಳೆಗೆ ಅಲುಗದೆ ನಿಂತ ಗುಡ್ಡ, ಜುಲೈ ಕೊನೆಯ ಅದಕ್ಕಿಂತ ಸಾಧಾರಣ ಮಳೆಗೆ ಜಾರಿ ಬೀಳುವುದುಂಟು. ಮಳೆ ನಿಂತು ಬಿಸಿಲು ಬಂದ ಮೇಲೆ ಕುಸಿಯುವುದೂ ಉಂಟು. ಅಂದು ಸುರಿದ ಮಳೆಯಷ್ಟೇ ಮುಖ್ಯವಾದುದು ಅದಕ್ಕೂ ಮುಂಚಿನ ವಾರಗಳಲ್ಲಿ ಮಣ್ಣು ಕುಡಿದು ಇಟ್ಟುಕೊಂಡ ನೀರು. ಈ ಸಂಗತಿಯನ್ನು ತಿಳಿದರೆ ಘಾಟಿಯ ಅಪಾಯವನ್ನು ಅರ್ಥ ಮಾಡಿಕೊಳ್ಳುವುದು ಸುಲಭವಾಗುತ್ತದೆ.

ಹಿಮಕುಸಿತ, ಮಣ್ಣಿನ ಕುಸಿತ

2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿಗೆ ಸೇರಿದ ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಮಹೇಶ್ ಹಾಗೂ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ. ಆರು ದಿನ ಹಿಮದಡಿಯಲ್ಲಿ ಸಿಲುಕಿ ಜೀವಂತವಾಗಿ ಹೊರಬಂದ ಹನುಮಂತಪ್ಪ ಅವರು ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಹಾಸನ ಜಿಲ್ಲೆಯ ಜನ ಹಿಮಕುಸಿತ ಎಂಬ ಮಾತನ್ನು ತಮ್ಮ ಮನೆಯ ಸುದ್ದಿಯಾಗಿ ಕೇಳಿದ್ದು ಅಂದು.

ಹಿಮವಿಲ್ಲದ ಮಲೆನಾಡಿಗೂ ಹಿಮಾಲಯಕ್ಕೂ ಈ ವಿಷಯದಲ್ಲಿ ಒಂದು ಸಾಮ್ಯವಿದೆ. ಹಿಮಾಲಯದಲ್ಲಿ ಚಳಿಗಾಲದ ಆರಂಭದಲ್ಲಿ ತೆಳುವಾಗಿ ಬೀಳುವ ಮೊದಲ ಹಿಮ, ಮೋಡವಿಲ್ಲದ ಕೊರೆಯುವ ರಾತ್ರಿಗಳಲ್ಲಿ ಸಕ್ಕರೆ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಈ ಸಡಿಲ ಪದರದ ಮೇಲೆ ಜನವರಿ, ಫೆಬ್ರುವರಿಯ ದಪ್ಪ ಹಿಮ ಬಂದು ಕೂರುತ್ತದೆ. ಒಂದು ಹಂತದಲ್ಲಿ ಕೆಳಗಿನ ಪದರ ಭಾರ ತಾಳಲಾರದೆ ಸೀಳುತ್ತದೆ; ಮೇಲಿನದೆಲ್ಲವೂ ಹಲಗೆಯಂತೆ ಜಾರುತ್ತದೆ. ಇಂತಹ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಸಂಭವಿಸುತ್ತವೆ. ಆದ್ದರಿಂದಲೇ ಹಿಮಕುಸಿತದ ಮುನ್ಸೂಚನೆ ನೀಡುವವರು ಆ ದಿನದ ಹಿಮವನ್ನಷ್ಟೇ ಅಳೆಯುವುದಿಲ್ಲ. ಹಿಮದಲ್ಲಿ ಗುಂಡಿ ತೋಡಿ, ಚಳಿಗಾಲದ ಮೊದಲ ದಿನದಿಂದ ಕೂಡಿದ ಪದರಗಳನ್ನೆಲ್ಲ ಪರೀಕ್ಷಿಸುತ್ತಾರೆ.

ಶಿರಾಡಿಯ ಗುಡ್ಡದಲ್ಲಿ ಹಿಮದ ಜಾಗದಲ್ಲಿ ಮಣ್ಣಿದೆ, ಸಡಿಲ ಹರಳಿನ ಜಾಗದಲ್ಲಿ ನೀರು ಹಿಡಿದ ಜೇಡಿಯ ಪದರವಿದೆ. ಅಲ್ಲಿ ಚಳಿಗಾಲದ ಆರಂಭ ಮಾಡುವ ಕೆಲಸವನ್ನು ಇಲ್ಲಿ ಮುಂಗಾರಿನ ಆರಂಭ ಮಾಡುತ್ತದೆ. ಅಪಾಯ ಸಿದ್ಧವಾಗುವುದು ಮೊದಲ ವಾರಗಳಲ್ಲಿ, ಪ್ರಕಟವಾಗುವುದು ನಂತರದ ದಿನಗಳಲ್ಲಿ.

ನೆಲದೊಳಗಿನ ಪದರಗಳು

ಪಶ್ಚಿಮ ಘಟ್ಟದ ಈ ಭಾಗದ ತಳದಲ್ಲಿರುವುದು ಅತಿ ಪುರಾತನವಾದ ನೈಸ್ ಶಿಲೆ. ಲಕ್ಷಾಂತರ ವರ್ಷಗಳ ಮಳೆ ಮತ್ತು ಶಾಖದಿಂದ ಈ ಶಿಲೆಯ ಮೇಲ್ಭಾಗ ಶಿಥಿಲಗೊಂಡು ದಪ್ಪನೆಯ ಮಣ್ಣಾಗಿದೆ. ಮೇಲ್ಗಡೆ ಎಲೆಗೊಬ್ಬರ ಬೆರೆತ ಕಪ್ಪು ಮಣ್ಣು, ಅದರ ಕೆಳಗೆ ಕೆಂಪು ಮಣ್ಣು ಅಥವಾ ಮುರಕಲ್ಲು, ಅದಕ್ಕೂ ಕೆಳಗೆ ಕರಾವಳಿ ಮತ್ತು ಮಲೆನಾಡಿನ ಜನ ಶೇಡಿ ಮಣ್ಣು ಎಂದು ಕರೆಯುವ, ಬಿಳಿ, ಹಳದಿ ಇಲ್ಲವೆ ನಸುಗೆಂಪು ಬಣ್ಣದ ನುಣುಪು ಮಣ್ಣು ಇರುತ್ತದೆ. ಇದರಡಿಯಲ್ಲಿ ಅರ್ಧ ಕೊಳೆತ ಶಿಲೆ, ಕೊನೆಗೆ ಗಟ್ಟಿ ಬಂಡೆ. ಎಲ್ಲ ಕಡೆಯೂ ಎಲ್ಲ ಪದರಗಳು ಒಂದೇ ದಪ್ಪದಲ್ಲಿರುವುದಿಲ್ಲ. ಒಂದೇ ಗುಡ್ಡದ ಎರಡು ಮಗ್ಗುಲುಗಳಲ್ಲಿಯೂ ವ್ಯತ್ಯಾಸವಿರುತ್ತದೆ.

ಶೇಡಿ ಮಣ್ಣು ಒಣಗಿದಾಗ ಗಟ್ಟಿ. ಅದನ್ನು ನೇರವಾಗಿ ಕಡಿದರೂ ಬೇಸಿಗೆಯುದ್ದಕ್ಕೂ ಗೋಡೆಯಂತೆ ನಿಲ್ಲುತ್ತದೆ. ನೀರು ಹಿಡಿದಾಗ ಮಾತ್ರ ಬಲ ಕಳೆದುಕೊಂಡು ಜಾರುತ್ತದೆ. ಮೇಲಿನ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ, ಶೇಡಿಯಲ್ಲಿ ನಿಧಾನ, ಬಂಡೆಯಲ್ಲಿ ಬಿರುಕುಗಳಿದ್ದಲ್ಲಿ ಮಾತ್ರ. ಹೀಗಾಗಿ ಇಳಿದು ಬಂದ ನೀರು ಪದರಗಳ ಸಂಧಿಯಲ್ಲಿ ತಡೆದು ನಿಂತು, ಇಳಿಜಾರಿನ ದಿಕ್ಕಿನಲ್ಲಿ ನೆಲದೊಳಗೇ ಹರಿಯತೊಡಗುತ್ತದೆ. ಮಳೆಗಾಲದಲ್ಲಿ ತೋಟಗಳ ಬದಿಯಲ್ಲಿ, ಧರೆಯ ಬುಡದಲ್ಲಿ ಕಾಣಿಸಿಕೊಳ್ಳುವ ಒರತೆಗಳು ಈ ಹರಿವಿನ ಹೊರಬಾಗಿಲುಗಳು.

ಇದನ್ನು ತಿಳಿಯಲು ಮಕ್ಕಳು ಮರಳಿನಲ್ಲಿ ಕಟ್ಟುವ ಗುಬ್ಬಿಗೂಡನ್ನು ನೆನೆದರೆ ಸಾಕು. ಒಣ ಮರಳಿನಲ್ಲಿ ಗೂಡು ನಿಲ್ಲದು. ಸ್ವಲ್ಪ ತೇವವಿದ್ದರೆ ಕಣಗಳ ನಡುವಿನ ತೆಳು ನೀರು ಅವನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತದೆ, ಗೂಡು ನಿಲ್ಲುತ್ತದೆ. ಅದೇ ಮರಳಿಗೆ ಒಂದು ಚೊಂಬು ನೀರು ಸುರಿದರೆ ಗೂಡು ಕರಗಿ ಹರಿಯುತ್ತದೆ. ಕಣಗಳ ನಡುವಿನ ರಂಧ್ರಗಳೆಲ್ಲ ತುಂಬಿದಾಗ ನೀರು ಬಿಗಿಯುವುದನ್ನು ಬಿಟ್ಟು ಕಣಗಳನ್ನು ದೂರ ತಳ್ಳುತ್ತದೆ. ಭೂವಿಜ್ಞಾನಿಗಳು ಇದನ್ನೇ ರಂಧ್ರಜಲದ ಒತ್ತಡ ಎನ್ನುತ್ತಾರೆ. ಇದರ ಜೊತೆಗೆ ನೀರಿನ ತೂಕವೂ ಸೇರುತ್ತದೆ: ಒಂದು ಎಕರೆ ನೆಲದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 400 ಟನ್ ನೀರು. ಎಲ್ಲವೂ ಇಂಗುವುದಿಲ್ಲವಾದರೂ, ಇಂಗಿದ ಭಾಗವನ್ನು ಗುಡ್ಡವೇ ಹೊರಬೇಕು.

ಮಳೆ ನಕ್ಷತ್ರಗಳ ಲೆಕ್ಕ

ಮಲೆನಾಡಿನ ಬೆಳೆಗಾರರು ಮಳೆಯನ್ನು ಇಂದಿಗೂ ನಕ್ಷತ್ರದಿಂದಲೇ ಗುರುತಿಸುತ್ತಾರೆ. ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರಾ, ನಂತರ ಆರಿದ್ರಾ. ಜುಲೈ ಮೊದಲ ವಾರದಿಂದ ಪುನರ್ವಸು, ಮೂರನೇ ವಾರದಿಂದ ಪುಷ್ಯ. ಆಗಸ್ಟ್ ಆರಂಭದಿಂದ ಆಶ್ಲೇಷಾ, ತಿಂಗಳ ಮಧ್ಯದಿಂದ ಮಘಾ. ಇತ್ತೀಚಿನ ವರ್ಷಗಳ ದೊಡ್ಡ ಕುಸಿತಗಳನ್ನು ಈ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಕ್ರಮ ಗೋಚರಿಸುತ್ತದೆ.

2018ರಲ್ಲಿ ಕೊಡಗು ಹಾಗೂ ಶಿರಾಡಿಯಲ್ಲಿ ಸರಣಿ ಕುಸಿತಗಳು ಸಂಭವಿಸಿದ್ದು ಆಗಸ್ಟ್ ಮಧ್ಯದಲ್ಲಿ. ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಕುಟುಂಬವನ್ನು ಬಲಿ ಪಡೆದದ್ದು 2020ರ ಆಗಸ್ಟ್ ಮೊದಲ ವಾರದಲ್ಲಿ. ದೋಣಿಗಾಲ್ ಬಳಿ ಹೆದ್ದಾರಿ ಕುಸಿದದ್ದು 2021ರ ಜುಲೈ ಮೂರನೇ ವಾರದಲ್ಲಿ. 2024ರಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ದುರಂತ ನಡೆದದ್ದು ಜುಲೈ 16ರಂದು, ಎಡಕುಮೇರಿ ಸಮೀಪ ರೈಲು ಹಳಿಯ ಅಡಿಯ ಮಣ್ಣು ಜಾರಿದ್ದು ಜುಲೈ 26ರಂದು, ಕೇರಳದ ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಕುಸಿತ ಸಂಭವಿಸಿದ್ದು ಜುಲೈ 30ರ ನಸುಕಿನಲ್ಲಿ. ಎಲ್ಲವೂ ಪುನರ್ವಸುವಿನಿಂದ ಮಘಾ ಮಳೆಯ ಒಳಗೇ ಬರುತ್ತವೆ. ಮೃಗಶಿರಾ, ಆರಿದ್ರಾ ಮಳೆಗಳು ನೆಲವನ್ನು ತುಂಬಿಸುತ್ತವೆ. ಮುಂದಿನವು ತುಂಬಿದ ಕೊಡದ ಮೇಲೆ ಸುರಿಯುತ್ತವೆ.

ಆದರೆ ಈ ಲೆಕ್ಕವನ್ನು ನಂಬಿ ಜೂನ್ ತಿಂಗಳನ್ನು ನಿರ್ಲಕ್ಷಿಸುವಂತಿಲ್ಲ. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. ಮಳೆ ಬೇಗ ಬಂದರೆ ನೆಲವೂ ಬೇಗ ತುಂಬುತ್ತದೆ. ಮುಖ್ಯವಾದುದು ತಿಂಗಳಲ್ಲ, ಆ ಹೊತ್ತಿಗೆ ಕೂಡಿದ ಮಳೆಯ ಮೊತ್ತ.

ಕುಸಿತದ ಬಗೆಗಳು

ಪತ್ರಿಕೆಗಳಲ್ಲಿ ಎಲ್ಲವೂ ಗುಡ್ಡ ಕುಸಿತ ಎಂಬ ಒಂದೇ ಹೆಸರಿನಲ್ಲಿ ಬಂದರೂ ಇವುಗಳಲ್ಲಿ ಹಲವು ವಿಧಗಳಿವೆ. ಮೊದಲನೆಯದು ಧರೆ ಕುಸಿತ. ಮನೆ, ರಸ್ತೆ ಅಥವಾ ಹಳಿಗಾಗಿ ಕಡಿದ ಮಣ್ಣಿನ ಗೋಡೆ ಬೀಳುವುದಿದು. ಪ್ರಮಾಣದಲ್ಲಿ ಸಣ್ಣದಾದರೂ ಇದು ಮನುಷ್ಯ ವಾಸದ ಅತಿ ಹತ್ತಿರದಲ್ಲಿ ನಡೆಯುತ್ತದೆ. ರಾತ್ರಿ ಮನೆಯ ಹಿಂಬದಿಯ ಧರೆ ಮಲಗುವ ಕೋಣೆಯ ಮೇಲೆ ಬೀಳುವ ಪ್ರಕರಣಗಳು ಈ ಬಗೆಯವು.

ಎರಡನೆಯದು ಇಡೀ ಇಳಿಜಾರು ಒಂದು ತುಂಡಾಗಿ ಜಾರುವುದು. ಇದು ಕೆಲವೊಮ್ಮೆ ದಿನಗಟ್ಟಲೆ, ಅಂಗುಲ ಅಂಗುಲವಾಗಿ ಸರಿಯುತ್ತದೆ. ರಸ್ತೆಯ ಹೊರ ಅಂಚು ಬಿರುಕು ಬಿಟ್ಟು ಕುಳಿತುಕೊಳ್ಳುವುದು ಇದರ ಸಾಮಾನ್ಯ ರೂಪ. ಮೂರನೆಯದು ಕೆಸರಿನ ಹರಿವು. ಜಾರಿದ ಮಣ್ಣು ಹಳ್ಳದ ನೀರಿನೊಂದಿಗೆ ಬೆರೆತು ಬಂಡೆ, ಮರಗಳನ್ನು ಹೊತ್ತು ಕಣಿವೆಗುಂಟ ಧುಮ್ಮಿಕ್ಕುತ್ತದೆ. ಹಿಮಕುಸಿತಕ್ಕೆ ಅತಿ ಸಮೀಪದ ಬಗೆ ಇದೇ. ವಯನಾಡಿನಲ್ಲಿ ಕಂಡಂತೆ, ಕುಸಿತ ಆರಂಭವಾದ ಸ್ಥಳದಿಂದ ಹಲವು ಕಿಲೋಮೀಟರ್ ದೂರದ ಜನವಸತಿಯೂ ಇದರಿಂದ ಸುರಕ್ಷಿತವಲ್ಲ. ನಾಲ್ಕನೆಯದು ಬಿರುಕು ಬಿಟ್ಟ ಬಂಡೆಗಳು ಉರುಳುವುದು. ರೈಲು ಮಾರ್ಗದ ಕಡಿದಾದ ಭಾಗಗಳಲ್ಲಿ ಇದು ಹೆಚ್ಚು.

ಹೆದ್ದಾರಿ ಮತ್ತು ರೈಲು ಮಾರ್ಗ

ಗುಡ್ಡದ ಇಳಿಜಾರು ತನ್ನಷ್ಟಕ್ಕೆ ತಾನು ಸಾವಿರಾರು ವರ್ಷಗಳಲ್ಲಿ ಒಂದು ಸಮತೋಲನವನ್ನು ಕಂಡುಕೊಂಡಿರುತ್ತದೆ. ಅದರ ಬುಡವನ್ನು ಕತ್ತರಿಸಿದಾಗ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಕಡಿದ ಮಣ್ಣನ್ನು ಕೆಳಗಿನ ಇಳಿಜಾರಿಗೆ ಸುರಿದಾಗ ಅಲ್ಲಿ ಹೊಸ ಭಾರ ಸೇರುತ್ತದೆ. ಹೀಗೆ ಒಂದೇ ರಸ್ತೆಯ ಕಾಮಗಾರಿ ಮೇಲೂ ಕೆಳಗೂ ಎರಡು ದುರ್ಬಲ ಸ್ಥಳಗಳನ್ನು ನಿರ್ಮಿಸುತ್ತದೆ. ಸ್ವಾಭಾವಿಕ ಹಳ್ಳಕ್ಕೆ ರಸ್ತೆಯಡಿಯಲ್ಲಿ ಸಾಕಷ್ಟು ದೊಡ್ಡ ಮೋರಿ ಇಲ್ಲದಿದ್ದರೆ ಮೂರನೆಯದೂ ಸೇರಿಕೊಳ್ಳುತ್ತದೆ.

ಹಾಸನ–ಮಾರನಹಳ್ಳಿ ನಡುವಣ ಚತುಷ್ಪಥ ಕಾಮಗಾರಿಯ ಸಂದರ್ಭದಲ್ಲಿ ದೋಣಿಗಾಲ್‌ನಿಂದ ಮಾರನಹಳ್ಳಿವರೆಗೆ ಗುಡ್ಡಗಳನ್ನು ಬಹುತೇಕ ನೇರವಾಗಿ ಕಡಿಯಲಾಯಿತು. 2024ರ ಜುಲೈನಲ್ಲಿ ಮಾರನಹಳ್ಳಿ ಸಮೀಪದ ದೊಡ್ಡತಪ್ಪಲು ಬಳಿ ಮಣ್ಣು ಮೇಲಿಂದ ಮೇಲೆ ಕುಸಿದು ಸಂಚಾರ ಹಲವು ಸಲ ಸ್ಥಗಿತಗೊಂಡಿತು. ಆಗಸ್ಟ್‌ನಲ್ಲಿ ಸ್ಥಳಕ್ಕೆ ಭೇಟಿ ನೀಡಿದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಗುಡ್ಡವನ್ನು ಲಂಬವಾಗಿ ಕತ್ತರಿಸಿರುವುದನ್ನು ಆಕ್ಷೇಪಿಸಿದರು. ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ, ಓರೆಯಾಗಿ ಕಡಿಯಲು ಹೆಚ್ಚು ಭೂಮಿ ಬೇಕು, ಹೆಚ್ಚು ಹಣವೂ ಬೇಕು. ಬೇಸಿಗೆಯಲ್ಲಿ ಉಳಿಸಿದ ಆ ಹಣದ ಲೆಕ್ಕ ಮಳೆಗಾಲದಲ್ಲಿ ಬಂದ್ ಆದ ದಿನಗಳ ರೂಪದಲ್ಲಿ ಸಂದಾಯವಾಗುತ್ತದೆ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲು ಮಾರ್ಗ ಇನ್ನೂ ದುರ್ಗಮವಾದುದು. ಸುಮಾರು 55 ಕಿ.ಮೀ. ಉದ್ದದ ಈ ಹಾದಿಯಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರುವ ಹಾದಿಯಿದು. 1979ರಲ್ಲಿ ಮೀಟರ್ ಗೇಜ್ ಆಗಿ ಆರಂಭವಾದ ಮಾರ್ಗವನ್ನು 1996ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗಾಗಿ ಮುಚ್ಚಲಾಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. 2018ರ ಆಗಸ್ಟ್‌ನ ಕುಸಿತಗಳಿಂದ ಇದು ತಿಂಗಳಿಗೂ ಹೆಚ್ಚು ಕಾಲ ಬಂದ್ ಆಗಿತ್ತು. 2024ರ ಜುಲೈ 26ರ ಕುಸಿತದ ನಂತರ ನೂರಾರು ಕಾರ್ಮಿಕರು ಮಳೆಯಲ್ಲೇ ದುಡಿದು, ಕಲ್ಲು ತುಂಬಿದ ತಂತಿಬಲೆಯ ಗೋಡೆಗಳನ್ನು ಕಟ್ಟಿ ಸುಮಾರು ಎರಡು ವಾರಗಳಲ್ಲಿ ಪ್ರಯಾಣಿಕರ ಸಂಚಾರವನ್ನು ಮರಳಿಸಿದರು. ಅದಾದ ಎರಡೇ ದಿನಗಳಲ್ಲಿ, ಆಗಸ್ಟ್ 10ರಂದು, ಸಕಲೇಶಪುರ ಮತ್ತು ಬಾಳ್ಳುಪೇಟೆ ನಡುವೆ ಹಳಿಯ ಮೇಲೆ ಮಣ್ಣು ಕುಸಿಯಿತು.

ಈ ಕೊನೆಯ ಘಟನೆ ಗಮನಾರ್ಹ. ಅದು ನಡೆದದ್ದು ಘಾಟಿಯಲ್ಲಲ್ಲ, ಘಾಟಿಗೆ ಪೂರ್ವದಲ್ಲಿ, ಆಲೂರಿನ ಕಡೆಯ ಸೌಮ್ಯ ಇಳಿಜಾರಿನ ಸೀಮೆಯಲ್ಲಿ. ಪೂರ್ವಕ್ಕೆ ಸರಿದಂತೆ ಮಳೆ ತಗ್ಗುತ್ತದೆ, ಗುಡ್ಡಗಳೂ ತಗ್ಗುತ್ತವೆ. ಆದರೆ ಕಡಿದ ಧರೆ ಎಲ್ಲಿದ್ದರೂ ಕಡಿದ ಧರೆಯೇ.

ಮರ, ತೋಟ ಮತ್ತು ಬೇರು

ಮರಗಳಿದ್ದಲ್ಲಿ ಗುಡ್ಡ ಕುಸಿಯದು ಎಂಬ ಮಾತು ಬಹುಮಟ್ಟಿಗೆ ನಿಜ, ಆದರೆ ಪೂರ್ಣವಾಗಿ ಅಲ್ಲ. ಬೇರುಗಳು ಮೇಲಿನ ಒಂದೆರಡು ಮೀಟರ್ ಮಣ್ಣನ್ನು ಹೆಣೆದು ಹಿಡಿಯುತ್ತವೆ. ಎಲೆಗಳ ಹಂದರ ಮಳೆಹನಿಯ ಪೆಟ್ಟನ್ನು ತಡೆಯುತ್ತದೆ. ಮರಗಳು ಬಿಡುವಿನ ದಿನಗಳಲ್ಲಿ ನೆಲದ ನೀರನ್ನು ಹೀರಿ ಆವಿಯಾಗಿಸುತ್ತವೆ. ನೆರಳಿನ ಮರಗಳಡಿ ಬೆಳೆದ ಹಳೆಯ ಕಾಫಿ ತೋಟಗಳಿಗೆ ಈ ರಕ್ಷಣೆ ಬಹಳಷ್ಟು ಮಟ್ಟಿಗೆ ಇದೆ. ಆದರೆ ಜಾರುವ ಪದರ ಬೇರುಗಳಿಗಿಂತ ಆಳದಲ್ಲಿದ್ದರೆ ಕಾಡು ಸಹಿತವಾಗಿ ಗುಡ್ಡ ಜಾರುತ್ತದೆ.

ಮರ ಕಡಿದ ಮಾರನೆಯ ವರ್ಷವೇ ಗುಡ್ಡ ಬೀಳಬೇಕೆಂದೂ ಇಲ್ಲ. ಕಡಿದ ಮರದ ಬೇರು ಕೊಳೆಯಲು ಕೆಲವು ವರ್ಷಗಳು ಬೇಕು. ಅಷ್ಟರವರೆಗೆ ಅದು ಮಣ್ಣನ್ನು ಹಿಡಿದಿರುತ್ತದೆ. ನಂತರ ಆ ಬೇರಿನ ಜಾಗ ಟೊಳ್ಳಾಗಿ ನೀರು ಒಳನುಗ್ಗುವ ಕೊಳವೆಯಾಗುತ್ತದೆ. ಹೀಗಾಗಿ ಮರ ಕಡಿದುದಕ್ಕೂ ಗುಡ್ಡ ಕುಸಿದುದಕ್ಕೂ ನಡುವೆ ವರ್ಷಗಳ ಅಂತರವಿದ್ದು, ಸಂಬಂಧ ಕಣ್ಣಿಗೆ ಬೀಳದೆ ಹೋಗಬಹುದು. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಮನೆ, ರೆಸಾರ್ಟ್‌ಗಳಿಗಾಗಿ ನೆಲ ಮಟ್ಟಸ ಮಾಡುವುದು, ಕೆರೆ ಅಥವಾ ಇಂಗುಗುಂಡಿ ತೋಡುವುದು ಕೂಡ ನೀರನ್ನು ನೇರವಾಗಿ ದುರ್ಬಲ ಪದರಕ್ಕೆ ಇಳಿಸುತ್ತದೆ. ಬಯಲುಸೀಮೆಗೆ ವರವಾದ ನೀರಿಂಗಿಸುವ ಕ್ರಮ ಘಟ್ಟದ ಅಂಚಿನಲ್ಲಿ ಅಪಾಯಕಾರಿಯಾಗಬಹುದು.

ಮುನ್ಸೂಚನೆಯ ವ್ಯವಸ್ಥೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪ್ರಕಾರ, ಹಿಮಾಚ್ಛಾದಿತ ಪ್ರದೇಶವನ್ನು ಬಿಟ್ಟು ದೇಶದ ಭೂಭಾಗದ ಶೇ 12.6ರಷ್ಟು, ಅಂದರೆ ಸುಮಾರು 4.2 ಲಕ್ಷ ಚದರ ಕಿ.ಮೀ., ಭೂಕುಸಿತಕ್ಕೆ ಈಡಾಗಬಲ್ಲದು. ಇದರಲ್ಲಿ ಸುಮಾರು 90 ಸಾವಿರ ಚದರ ಕಿ.ಮೀ. ಪಶ್ಚಿಮ ಘಟ್ಟ ಮತ್ತು ಕೊಂಕಣದ ಗುಡ್ಡಗಳಿಗೆ ಸೇರಿದೆ. ಸಂಸ್ಥೆಯು 2014ರಿಂದ ರಾಷ್ಟ್ರೀಯ ಮಟ್ಟದ ಭೂಕುಸಿತ ಸಾಧ್ಯತಾ ನಕ್ಷೆಗಳ ಕಾರ್ಯವನ್ನು ಕೈಗೊಂಡಿತು. 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಗೊಂಡಿತು. ಡಾರ್ಜಿಲಿಂಗ್, ಕಾಲಿಂಪಾಂಗ್ ಮತ್ತು ನೀಲಗಿರಿ ಜಿಲ್ಲೆಗಳಿಂದ ಆರಂಭವಾದ ದೈನಂದಿನ ಮುನ್ಸೂಚನೆಯನ್ನು ಉಳಿದ ಗುಡ್ಡಗಾಡು ಜಿಲ್ಲೆಗಳಿಗೆ ಹಂತಹಂತವಾಗಿ ವಿಸ್ತರಿಸುವುದು ಇದರ ಉದ್ದೇಶ.

ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸ್ವಯಂಚಾಲಿತ ಮಳೆಮಾಪಕಗಳ ಮೂಲಕ ಗ್ರಾಮ ಪಂಚಾಯತಿ ಮಟ್ಟದ ಮಳೆಯ ವಿವರವನ್ನು ಸಂಗ್ರಹಿಸುತ್ತದೆ. ಭಾರತೀಯ ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ ಭಾರಿ ಮಳೆ, 115.6 ಮಿ.ಮೀ.ನಿಂದ ಅತಿ ಭಾರಿ, 204.4 ಮಿ.ಮೀ. ಮೀರಿದರೆ ಅತ್ಯಧಿಕ ಮಳೆ ಎಂದು ವರ್ಗೀಕರಿಸಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೀಡುತ್ತದೆ. ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕೆಂಪು ಎಚ್ಚರಿಕೆ ಮಳೆಗೆ ಸಂಬಂಧಿಸಿದ್ದು, ಗುಡ್ಡಕ್ಕಲ್ಲ. ಎಚ್ಚರಿಕೆ ಹಳದಿಗೆ ಇಳಿದ ದಿನವೂ, ಹಿಂದಿನ ವಾರದ ಮಳೆ ಹೆಚ್ಚಾಗಿದ್ದರೆ, ಇಳಿಜಾರಿನ ಅಪಾಯ ಕೆಂಪು ಮಟ್ಟದಲ್ಲೇ ಇರಬಹುದು.

ಗುಡ್ಡ ನೀಡುವ ಸೂಚನೆಗಳು

ಬಹಳಷ್ಟು ಕುಸಿತಗಳು ಮುನ್ನವೇ ಕೆಲವು ಲಕ್ಷಣಗಳನ್ನು ತೋರುತ್ತವೆ. ಅವು ಇಂತಿವೆ:

* ಧರೆಯ ಮೇಲ್ಭಾಗದಲ್ಲಿ ಅಥವಾ ತೋಟದಲ್ಲಿ ಇಳಿಜಾರಿಗೆ ಅಡ್ಡಲಾಗಿ ಹೊಸ ಬಿರುಕುಗಳು ಕಾಣಿಸುವುದು, ದಿನದಿಂದ ದಿನಕ್ಕೆ ಅಗಲವಾಗುವುದು.
* ಹಿಂದೆ ಇಲ್ಲದಲ್ಲಿ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು ಅಥವಾ ಏಕಾಏಕಿ ನಿಲ್ಲುವುದು.
* ಮರ, ವಿದ್ಯುತ್ ಕಂಬ, ಬೇಲಿಯ ಕಲ್ಲುಕಂಬಗಳು ವಾಲುವುದು.
* ಮನೆಯ ಗೋಡೆ, ನೆಲ ಬಿರಿಯುವುದು. ಬಾಗಿಲು, ಕಿಟಕಿಗಳು ಚೌಕಟ್ಟಿಗೆ ಕಚ್ಚಿಕೊಳ್ಳುವುದು.
* ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಒಮ್ಮೆಲೇ ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರುವುದರ ಸೂಚನೆಯಿದು. ಕಟ್ಟೆ ಒಡೆದಾಗ ಕೆಸರು ಧುಮ್ಮಿಕ್ಕುತ್ತದೆ.
* ಗುಡ್ಡದೊಳಗಿನಿಂದ ಗುಡುಗಿನಂತಹ ಸದ್ದು, ಮರಗಳು ಮುರಿಯುವ ಸದ್ದು.

ಕೊನೆಯ ಎರಡು ಲಕ್ಷಣಗಳು ಕಂಡರೆ ವಸ್ತುಗಳನ್ನು ಕೂಡಿಸಲು ನಿಲ್ಲದೆ ಹಳ್ಳದ ಹಾದಿಯಿಂದ ಪಕ್ಕಕ್ಕೆ, ಎತ್ತರದ ಕಡೆಗೆ ಸರಿಯಬೇಕು. ಹರಿವಿನ ದಿಕ್ಕಿನಲ್ಲಿ ಕೆಳಗೆ ಓಡುವುದು ನಿಷ್ಪ್ರಯೋಜಕ. ಧರೆಯ ಕೆಳಗಿನ ಮನೆಗಳವರು ಮಳೆ ಜೋರಾದ ರಾತ್ರಿಗಳಲ್ಲಿ ಧರೆಯ ಕಡೆಯ ಕೋಣೆಯನ್ನು ಬಿಟ್ಟು ಎದುರು ಭಾಗದಲ್ಲಿ ಮಲಗುವುದು, ಧರೆಯ ತುದಿಯಲ್ಲಿ ಚರಂಡಿ ತೆಗೆದು ನೀರನ್ನು ಬೇರೆಡೆಗೆ ತಿರುಗಿಸುವುದು, ಬಿರುಕುಗಳನ್ನು ಜೇಡಿಯಿಂದ ಮುಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವುದು ತಾತ್ಕಾಲಿಕ ಉಪಾಯಗಳು. ಬಿರುಕು ಅಗಲವಾಗುತ್ತಿದ್ದರೆ ಮನೆ ಬಿಡುವುದೊಂದೇ ಉಪಾಯ. ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿಯ ಉಚಿತ ಸಂಖ್ಯೆ 1077. ತುರ್ತು ಸಹಾಯಕ್ಕೆ 112.

ಪ್ರಯಾಣಿಕರು ಅರಿಯಬೇಕಾದುದು

ಶಿರಾಡಿ ಮುಚ್ಚಿದಾಗ ವಾಹನಗಳು ಚಾರ್ಮಾಡಿ, ಬಿಸಿಲೆ ಅಥವಾ ಸಂಪಾಜೆ ಘಾಟಿಗಳತ್ತ ತಿರುಗುತ್ತವೆ. ಆದರೆ ಈ ಘಾಟಿಗಳೆಲ್ಲವೂ ಅದೇ ಘಟ್ಟದ ಸಾಲಿನಲ್ಲಿ, ಅದೇ ಮೋಡದಡಿಯಲ್ಲಿವೆ. 2018ರಲ್ಲಿ ಶಿರಾಡಿ ಮತ್ತು ಸಂಪಾಜೆ ಒಂದೇ ಸಮಯದಲ್ಲಿ ಮುಚ್ಚಿದ್ದವು. ಒಂದು ಘಾಟಿ ಕುಸಿದ ದಿನ ಇನ್ನೊಂದು ಘಾಟಿ ಸುರಕ್ಷಿತ ಎಂದು ಭಾವಿಸುವುದಕ್ಕಿಂತ ಹಾಸನ ಅಥವಾ ಸಕಲೇಶಪುರದಲ್ಲಿ ಒಂದು ದಿನ ತಂಗುವುದು ಲೇಸು.

ಘಾಟಿಯಲ್ಲಿ ಪ್ರಯಾಣ ಅನಿವಾರ್ಯವಾದರೆ ಹಗಲಿನಲ್ಲಿ ಸಾಗಬೇಕು. ರಾತ್ರಿ ವಾಲಿದ ಮರವೂ ಕಾಣದು, ಕೆಂಪಾದ ನೀರೂ ಕಾಣದು. ಧರೆಯ ಕೆಳಗೆ, ಹಳ್ಳದ ಮೋರಿಗಳ ಬಳಿ ವಾಹನ ನಿಲ್ಲಿಸಬಾರದು. ಶಿರೂರಿನಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಗುಡ್ಡದ ಬುಡದ ಹೋಟೆಲಿನಲ್ಲಿದ್ದವರೂ ಅಲ್ಲೇ ನಿಂತಿದ್ದ ವಾಹನಗಳವರೂ ಇದ್ದರು. ರಸ್ತೆಗೆ ಅಡ್ಡಲಾಗಿ ಮಣ್ಣು ಬಿದ್ದಿದ್ದರೆ ಇಳಿದು ಚಿತ್ರ ತೆಗೆಯುತ್ತ ನಿಲ್ಲುವುದೂ ಸಲ್ಲದು. ಮೊದಲ ಕುಸಿತ ಮೇಲಿನ ಮಣ್ಣಿನ ಆಸರೆಯನ್ನು ತೆಗೆದಿರುತ್ತದೆ. ಎರಡನೆಯದು ಅದೇ ಜಾಗದಲ್ಲಿ ಬರುವ ಸಂಭವ ಹೆಚ್ಚು.

ಪತ್ರಿಕೆಯಲ್ಲಿ ಬರುವ ಮಳೆಯ ಅಂಕಿ ಹಿಂದಿನ ಬೆಳಗಿನಿಂದ ಆ ದಿನ ಬೆಳಿಗ್ಗೆ 8.30ರವರೆಗಿನ 24 ಗಂಟೆಗಳದ್ದು. ಘಾಟಿ ದಾಟಬೇಕಾದವರು ಆ ಒಂದು ಅಂಕಿಯನ್ನಷ್ಟೇ ನೋಡದೆ ಹಿಂದಿನ ಏಳೆಂಟು ದಿನಗಳ ಅಂಕಿಗಳನ್ನೂ ಕೂಡಿಸಿ ನೋಡುವುದು ಒಳ್ಳೆಯದು. ಮೊತ್ತ ದೊಡ್ಡದಿದ್ದರೆ, ಆಕಾಶ ತಿಳಿಯಾಗಿದ್ದರೂ ಪ್ರಯಾಣವನ್ನು ಒಂದೆರಡು ದಿನ ಮುಂದೂಡುವುದು ವಿವೇಕ. ಮಳೆ ನಿಂತ ಕೂಡಲೇ ರಸ್ತೆ ಒಣಗುತ್ತದೆ; ಗುಡ್ಡ ಒಣಗಲು ವಾರಗಳು ಬೇಕು.